ಇಂಡಿಯಾ ಮಿಲ್ ಇದ್ದ ಊರು: ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಬೆಳೆದವರು ಇಲ್ಲಿ ಬರೆಯಿರಿ

ಡಾರ್ವೆನ್ ಹುಡುಗಿ:

ಲಂಡನ್ ಬಗ್ಗೆ, ಬರ್ಮಿಂಗ್‌ಹ್ಯಾಮ್ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಗಿದೆ. ಸಣ್ಣ ಊರುಗಳ ಬಗ್ಗೆ ಯಾರೂ ಬರೆಯಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೀನಿ. ಮೊದಲು ನಮ್ಮೂರಿನ ಕಥೆ ಹೇಳ್ತೀನಿ, ಆಮೇಲೆ ನಿಮ್ಮದು.

ನಾನು ಬೆಳೆದಿದ್ದು ಲ್ಯಾಂಕಾಶೈರ್‌ನ ಡಾರ್ವೆನ್‌ನಲ್ಲಿ. ಬ್ಲ್ಯಾಕ್‌ಬರ್ನ್‌ನಿಂದ ದಕ್ಷಿಣಕ್ಕೆ ನಾಲ್ಕೈದು ಮೈಲಿ. ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿರುವ ಕಣಿವೆ ಊರು. ಅಪ್ಪ ಧಾರವಾಡದ ಕಡೆಯವರು. ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿ ಬಂದು ಇಲ್ಲೇ ನೆಲೆಸಿದರು. ನನಗೆ ನೆನಪಿರೋದೆಲ್ಲ 1970ರ ದಶಕ.

ನಮ್ಮೂರಲ್ಲಿ ಎಲ್ಲಿ ನಿಂತರೂ ಒಂದು ಚಿಮಣಿ ಕಾಣುತ್ತಿತ್ತು. ಸುಮಾರು 300 ಅಡಿ ಎತ್ತರ. ಇಟಲಿಯ ಗಂಟೆಗೋಪುರದ ಮಾದರಿಯಲ್ಲಿ ಬಣ್ಣ ಬಣ್ಣದ ಇಟ್ಟಿಗೆಯಿಂದ ಕಟ್ಟಿದ್ದು. 1867ರಲ್ಲಿ ಮುಗಿದದ್ದು, ಈಗಲೂ ಇದೆ. ಅದು ಯಾವ ಮಿಲ್ಲಿನದು ಗೊತ್ತಾ? ಇಂಡಿಯಾ ಮಿಲ್. ಹೌದು, ಅದರ ಹೆಸರೇ ಹಾಗೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಕೇಳುತ್ತಿದ್ದರು, "ಅದು ನಿಮ್ಮದಾ?" ಅಂತ. ನಾನು ಹೌದು ಅಂತಿದ್ದೆ. ಅಮ್ಮ ನನ್ನ ಪರವಾಗಿಯೇ ಇದ್ದರು. "ನಮ್ಮ ದುಡ್ಡಿಂದಲೇ ಕಟ್ಟಿದ್ದು, ಹೇಳು ಹೋಗು" ಅಂತಿದ್ದರು. ಇದನ್ನು ಬರೀ ತಮಾಷೆ ಅಂದುಕೊಳ್ಳಬೇಡಿ. ಬ್ಲ್ಯಾಕ್‌ಬರ್ನ್ ಸುತ್ತಮುತ್ತ ನೇಯುತ್ತಿದ್ದ ಬಟ್ಟೆಯಲ್ಲಿ ದೊಡ್ಡ ಪಾಲು ಇಂಡಿಯಾಕ್ಕೇ ಹೋಗುತ್ತಿತ್ತು. ಪಂಚೆಗಳನ್ನು, ಅಂಚಿನ ಸಮೇತ, ಇಲ್ಲೇ ನೇಯ್ದು ಹಡಗಿಗೆ ಹಾಕುತ್ತಿದ್ದರು. ಧಾರವಾಡದ ಅಜ್ಜನ ಅಪ್ಪ ಉಟ್ಟ ಪಂಚೆ ನಮ್ಮ ಪಕ್ಕದ ಬೀದಿಯಲ್ಲೇ ನೇಯ್ದಿದ್ದಿರಬಹುದು.

ಈಗ ವೇಕ್ಸ್ ವಾರದ ವಿಷಯ. ಇದು ಗೊತ್ತಿಲ್ಲದಿದ್ದರೆ ಲ್ಯಾಂಕಾಶೈರ್ ಅರ್ಥ ಆಗಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಇಡೀ ಊರಿನ ಮಿಲ್ಲುಗಳು ಒಟ್ಟಿಗೇ ಮುಚ್ಚುತ್ತಿದ್ದವು. ಬಾಯ್ಲರ್ ತೊಳೆಯೋದು, ಎಂಜಿನ್ ರಿಪೇರಿ, ಎಲ್ಲ ಆಗ. ಒಂದೊಂದು ಊರಿಗೂ ಒಂದೊಂದು ವಾರ. ನಮ್ಮದಾದರೆ ನಮ್ಮದೇ, ಬರ್ನ್‌ಲಿಯದು ಬೇರೆ, ಓಲ್ಡಮ್‌ದು ಬೇರೆ. ಇಲ್ಲದಿದ್ದರೆ ಸಮುದ್ರ ತೀರದ ಬ್ಲ್ಯಾಕ್‌ಪೂಲ್‌ನಲ್ಲಿ ಅಷ್ಟು ಜನಕ್ಕೆ ಮಲಗೋಕೆ ಜಾಗ ಎಲ್ಲಿ? ಅಂಗಡಿ ಬಂದ್, ಶಾಲೆ ಬಂದ್. ಊರಿಗೆ ಊರೇ ರೈಲು ಹತ್ತಿ ಸಮುದ್ರದ ಕಡೆ ಹೊರಟುಬಿಡುತ್ತಿತ್ತು. ಬ್ಲ್ಯಾಕ್‌ಪೂಲಿನ ಮರಳಲ್ಲಿ ನೋಡಿದರೆ ಎದುರು ಮನೆಯವರೇ ಪಕ್ಕದಲ್ಲಿ ಕೂತಿರುತ್ತಿದ್ದರು.

ನಮ್ಮ ಪಕ್ಕದ ಮನೆಯ ಅಜ್ಜಿ ಹುಡುಗಿಯಾಗಿದ್ದಾಗಿಂದ ನೇಕಾರ್ತಿ. ಅವರು ಹೇಳುತ್ತಿದ್ದರು: 1938ರ ಕಾಯ್ದೆಗೆ ಮುಂಚೆ ಈ ರಜೆಗೆ ಸಂಬಳವೇ ಇರಲಿಲ್ಲ. ವರ್ಷವಿಡೀ ವಾರಕ್ಕಿಷ್ಟು ಅಂತ ಕ್ಲಬ್ಬಿಗೆ ಕಟ್ಟಿ, ಆ ದುಡ್ಡಲ್ಲಿ ಹೋಗಿ ಬರುತ್ತಿದ್ದರು. ಹೋಗಲಾಗದವರು ಮನೆಯಲ್ಲೇ ಇರುತ್ತಿದ್ದರು. ಆ ವಾರ ಹೊಗೆ ಇಲ್ಲದ ಕಾರಣ ಗುಡ್ಡ ಸ್ಪಷ್ಟವಾಗಿ ಕಾಣುತ್ತಿತ್ತಂತೆ, ಒಗೆದ ಬಟ್ಟೆ ಬೆಳ್ಳಗೇ ಒಣಗುತ್ತಿತ್ತಂತೆ.

ಇನ್ನೊಂದು ಹೇಳಿ ನಿಲ್ಲಿಸ್ತೀನಿ. ಈ ಅಜ್ಜಿ ಬೆಳಿಗ್ಗೆ ಹೊಸ್ತಿಲ ಕಲ್ಲನ್ನು ಮಂಡಿಯೂರಿ ಉಜ್ಜುತ್ತಿದ್ದರು. ಮೊದಲು ಬಕೆಟ್ ನೀರು, ಆಮೇಲೆ ಡಾಂಕಿ ಸ್ಟೋನ್ ಅಂತ ಒಂದು ಸಣ್ಣ ಇಟ್ಟಿಗೆಯಂಥ ಕಲ್ಲು. ಕಲ್ಲುಪುಡಿ, ಸಿಮೆಂಟ್, ಬ್ಲೀಚಿಂಗ್ ಪುಡಿ ಕಲಸಿ ಅಚ್ಚು ಹಾಕಿದ್ದು. ಮೆಟ್ಟಿಲ ಅಂಚಿಗೆ ಮಾತ್ರ ಅದರಿಂದ ಕೆನೆಬಣ್ಣದ ಒಂದು ಪಟ್ಟಿ ಎಳೆಯುತ್ತಿದ್ದರು. ಒಣಗಿದ ಮೇಲೆ ಎದ್ದು ಕಾಣುತ್ತಿತ್ತು. ಹಳೇ ಬಟ್ಟೆ ಕೊಟ್ಟರೆ ಗುಜರಿಯವನು ಈ ಕಲ್ಲು ಕೊಡುತ್ತಿದ್ದ. ಅಮ್ಮನಿಗೆ ಇದು ಬಹಳ ಹಿಡಿಸಿತು. ನೀರು ಹಾಕಿ ರಂಗೋಲಿ ಬಿಟ್ಟಂತೆಯೇ ಅಲ್ವಾ? ಅಮ್ಮನೂ ಕಲ್ಲು ತಂದರು. ನಮ್ಮ ಮೆಟ್ಟಿಲಿಗೂ ಪಟ್ಟಿ ಬಂತು, ಅದರ ಪಕ್ಕ ಸಣ್ಣದೊಂದು ರಂಗೋಲಿಯೂ ಬಂತು. ಬೀದಿಯ ಹೆಂಗಸರು ಅಮ್ಮನ ಜೊತೆ ಮಾತಾಡೋಕೆ ಶುರು ಮಾಡಿದ್ದೇ ಅವತ್ತಿನಿಂದ.

ಈ ಕಲ್ಲು ಮಾಡುತ್ತಿದ್ದ ಎಲೈ ವಾಲಿ ಕಂಪನಿ ಆಷ್ಟನ್‌ನಲ್ಲಿತ್ತು. 1979ರಲ್ಲಿ ಮುಚ್ಚಿತು.

ಗದಗಿನವ:

ಓದಿ ಖುಷಿಯಾಯಿತು. ನಾನು ಬ್ರಿಟನ್ನಿಗೆ ಬಂದವನಲ್ಲ, ಆದರೆ ನಿಮ್ಮ ಇಂಡಿಯಾ ಮಿಲ್ಲಿಗೂ ನಮ್ಮ ಊರಿಗೂ ಸಂಬಂಧ ಇದೆ. ಅದಕ್ಕೇ ಬರೀತಿದ್ದೀನಿ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ. ಲ್ಯಾಂಕಾಶೈರ್‌ಗೆ ಹತ್ತಿ ಬರೋದು ನಿಂತಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆ ಹೊತ್ತಿಗೆ ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಬಿದ್ದಿದ್ದು ಧಾರವಾಡ ಜಿಲ್ಲೆಯ ಮೇಲೆ. ಯಾಕೆ ಅಂದ್ರೆ 1840ರ ದಶಕದಲ್ಲೇ ಶಾ ಅನ್ನೋ ಕಲೆಕ್ಟರ್ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ನಮ್ಮ ಕಡೆ ಬೆಳೆಸಿದ್ದರು. 'ಧಾರವಾಡ ಅಮೆರಿಕನ್' ಅಂತಲೇ ಆ ಹತ್ತಿಗೆ ಹೆಸರು. ಹುಬ್ಬಳ್ಳಿ, ಗದಗ, ರೋಣದ ಎರೆ ಭೂಮಿಯಲ್ಲಿ ಚೆನ್ನಾಗಿ ಬಂತು.

ಹತ್ತಿ ಇದೆ, ಆದರೆ ಹಡಗಿಗೆ ಸಾಗಿಸೋದು ಹೇಗೆ? ಅದಕ್ಕೆ ಕಾರವಾರದ ಬಂದರು ಬೆಳೆಸಿ ಅಂತ ಮ್ಯಾಂಚೆಸ್ಟರ್‌ನವರು ಒತ್ತಾಯ ಹಾಕಿದರು. ಆಗ ಕೆನರಾ ಜಿಲ್ಲೆ ಪೂರ್ತಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿ. ಎರಡು ಸರ್ಕಾರ ನಡುವೆ ಘಟ್ಟದ ರಸ್ತೆ ಆಗೋದು ಕಷ್ಟ ಅಂತ 1862ರಲ್ಲಿ ಉತ್ತರ ಕನ್ನಡವನ್ನು ಬೇರೆ ಮಾಡಿ ಬೊಂಬಾಯಿಗೆ ಸೇರಿಸಿದರು. ಇವತ್ತಿಗೂ ದಕ್ಷಿಣ ಕನ್ನಡ, ಉತ್ತರ ಕನ್ನಡ ಎರಡು ಜಿಲ್ಲೆ ಇರೋದರ ಹಿಂದೆ ಲ್ಯಾಂಕಾಶೈರ್‌ನ ಮಗ್ಗಗಳ ಹಸಿವೂ ಇದೆ. ಈ ವಿಷಯ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಆಮೇಲೆ ಮರ್ಮಗೋವಾಕ್ಕೆ ರೈಲು ಬಂತು, ಹತ್ತಿ ಆ ಕಡೆ ಹೋಯಿತು, ಕಾರವಾರ ತಣ್ಣಗಾಯಿತು.

ನಮ್ಮ ಕಡೆ ಆ ನಾಲ್ಕು ವರ್ಷ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿದ ಕೂಡಲೇ ಬೆಲೆ ಬಿತ್ತು. ಸಾಲ ಮಾಡಿದವರು ಸಿಕ್ಕಿಬಿದ್ದರು.

ಡಾರ್ವೆನ್ ಹುಡುಗಿ:

ಗದಗಿನವರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಕಾರವಾರದ ವಿಷಯ ಅವರಿಗೂ ಹೊಸದು.

ನಮ್ಮ ಕಡೆಯ ಅರ್ಧ ನಾನು ಸೇರಿಸ್ತೀನಿ. ಆ ಹತ್ತಿಯ ಬರಗಾಲದಲ್ಲಿ ಇಲ್ಲಿಗೆ ಬಂದ ಇಂಡಿಯಾ ಹತ್ತಿಯನ್ನೆಲ್ಲ ಒಟ್ಟಿಗೆ 'ಸೂರತ್' ಅಂತ ಕರೆಯುತ್ತಿದ್ದರು. ಎಳೆ ಗಿಡ್ಡ, ಕಸ ಜಾಸ್ತಿ, ಮಗ್ಗದಲ್ಲಿ ಪದೇ ಪದೇ ಕಡಿಯುತ್ತಿತ್ತು. ನೇಕಾರರಿಗೆ ಕೂಲಿ ನೇಯ್ದ ಬಟ್ಟೆಯ ಲೆಕ್ಕದಲ್ಲಿ. ಎಳೆ ಕಡಿದಷ್ಟೂ ಸಂಬಳ ಕಡಿಮೆ. ಹಾಗಾಗಿ ಹತ್ತಿ ಕೊಡಪ್ಪಾ ದೇವರೇ, ಆದರೆ ಸೂರತ್ ಬೇಡ ಅಂತ ಬೇಡಿಕೊಳ್ಳುತ್ತಿದ್ದರಂತೆ. ಅಂದ್ರೆ ಅಲ್ಲಿ ರೈತ ಸಾಲದಲ್ಲಿ, ಇಲ್ಲಿ ನೇಕಾರ್ತಿ ಅರೆಹೊಟ್ಟೆಯಲ್ಲಿ. ನಡುವೆ ಯಾರಿಗೆ ಲಾಭ ಆಯ್ತು ಅಂತ ನೀವೇ ನೋಡಿ.

ಕೆಲಸ ಇಲ್ಲದವರಿಂದ ರಸ್ತೆ, ಪಾರ್ಕು ಮಾಡಿಸಿದರು. ರೋಚ್‌ಡೇಲ್ ಹತ್ತಿರ ರೂಲಿ ಮೂರ್ ಅನ್ನೋ ಬಯಲಿನಲ್ಲಿ ಕಲ್ಲು ಹಾಸಿದ ಉದ್ದದ ರಸ್ತೆ ಇದೆ. ಕಾಟನ್ ಫ್ಯಾಮಿನ್ ರೋಡ್ ಅಂತಲೇ ಕರೀತಾರೆ. ಆ ಕಡೆ ಹೋದವರು ಒಮ್ಮೆ ನಡೆದು ನೋಡಿ. ನೇಯ್ದು ಮೃದುವಾದ ಕೈಗಳು ಒಡೆದು ಜೋಡಿಸಿದ ಕಲ್ಲು ಅದು.

ಬ್ರಾಡ್‌ಫರ್ಡ್ ಸೊಸೆ:

ಚರ್ಚೆ ತುಂಬಾ ಚೆನ್ನಾಗಿದೆ. ನಾನು ಮದುವೆಯಾಗಿ ಬಂದವಳು. ನಮ್ಮನೆಯವರು ಬ್ರಾಡ್‌ಫರ್ಡ್ ಪಕ್ಕದ ಶಿಪ್ಲಿಯಲ್ಲಿ ಬೆಳೆದವರು. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಸಾಲ್ಟೇರ್. ಉಣ್ಣೆ ಮಿಲ್ಲಿನ ಧಣಿ ಟೈಟಸ್ ಸಾಲ್ಟ್ ತನ್ನ ಕೆಲಸಗಾರರಿಗೆ ಅಂತಲೇ ಕಟ್ಟಿಸಿದ ಊರು. 1853ರಲ್ಲಿ ಅವನ 50ನೇ ಹುಟ್ಟುಹಬ್ಬದ ದಿನ ಮಿಲ್ ತೆರೆದ. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು. ಆಸ್ಪತ್ರೆ, ಶಾಲೆ, ಸ್ನಾನದ ಮನೆ, ಪಾರ್ಕು, ಎಲ್ಲ ಇತ್ತು. ಹೆಂಡದಂಗಡಿ ಮಾತ್ರ ಇರಲಿಲ್ಲ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆ ಕಾಲದಲ್ಲಿ ಬ್ರಾಡ್‌ಫರ್ಡ್ ನಗರದ ಕೊಳಕು, ಕಾಲರಾ ನೋಡಿದರೆ ಇದು ಸ್ವರ್ಗವೇ. ಅಂಥ ಧಣಿಗಳು ಈಗ ಎಲ್ಲಿ ಸಿಗ್ತಾರೆ?

ಟ್ರೆಡೀಗರ್ ಡಾಕ್ಟರ್ ಮಗ:

ಸಾಲ್ಟೇರ್ ನೋಡಿದ್ದೀನಿ. ಚಂದ ಇದೆ, ಇಲ್ಲ ಅನ್ನಲ್ಲ. ಆದರೆ ಕೆಲಸ ಕೊಡುವವನೂ ಅವನೇ, ಮನೆ ಬಾಡಿಗೆಗೆ ಕೊಡುವವನೂ ಅವನೇ ಆದರೆ, ಜಗಳವಾಡಿದ ದಿನ ಕೆಲಸದ ಜೊತೆ ಮನೆಯೂ ಹೋಗುತ್ತೆ. ಅದನ್ನೂ ಹೇಳಬೇಕಲ್ವಾ? ಧಣಿ ಕೊಟ್ಟಿದ್ದು ಧಣಿ ಕಿತ್ತುಕೊಳ್ಳಬಹುದು. ಜನ ತಾವೇ ಕಟ್ಟಿಕೊಂಡಿದ್ದರ ಕಥೆ ಬೇರೆ. ಅದಕ್ಕೆ ನಮ್ಮೂರೇ ಸಾಕ್ಷಿ.

ಟ್ರೆಡೀಗರ್ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಯ ಊರು. ಅಲ್ಲಿ ಗಣಿ ಕೆಲಸಗಾರರು, ಉಕ್ಕಿನ ಕಾರ್ಖಾನೆಯವರು ಸೇರಿ ಮೆಡಿಕಲ್ ಏಡ್ ಸೊಸೈಟಿ ಮಾಡಿಕೊಂಡಿದ್ದರು. ಸಂಬಳದಲ್ಲಿ ಪೌಂಡಿಗೆ 3 ಪೆನ್ನಿ ಕಟ್ಟಿದರೆ ಮನೆಮಂದಿಗೆಲ್ಲ ಡಾಕ್ಟರ್, ಔಷಧಿ, ಕನ್ನಡಕ. 1897ರಲ್ಲಿ ಈ ಊರಲ್ಲೇ ಹುಟ್ಟಿ, ಹುಡುಗನಿದ್ದಾಗಲೇ ಗಣಿಗೆ ಇಳಿದ ಅನೈರಿನ್ ಬೆವನ್ ಆರೋಗ್ಯ ಮಂತ್ರಿಯಾದಾಗ, ಇದನ್ನೇ ನೋಡಿ ಬೆಳೆದ ಮನುಷ್ಯ 1948ರಲ್ಲಿ ಇಡೀ ದೇಶಕ್ಕೆ ಎನ್‌ಎಚ್‌ಎಸ್, ಅಂದ್ರೆ ಸರ್ಕಾರಿ ಆರೋಗ್ಯ ಸೇವೆ ತಂದರು. ಅದಾಗಿ ಕೆಲವೇ ವರ್ಷಕ್ಕೆ ಈ ಕಣಿವೆಗಳಿಗೆ ಡಾಕ್ಟರ್ ಸಿಗದ ಪರಿಸ್ಥಿತಿ. ಇಲ್ಲಿನ ಹುಡುಗರು ಕಣಿವೆಗೆ ಬರಲು ಒಪ್ಪಲಿಲ್ಲ. ಬಂದವರು ನಮ್ಮ ಅಪ್ಪನಂಥವರು. ಒಂದು ಕಾಲಕ್ಕೆ ಕಣಿವೆಗಳಲ್ಲಿ ಯಾವ ಕ್ಲಿನಿಕ್ಕಿಗೆ ಹೋದರೂ ಇಂಡಿಯಾ, ಪಾಕಿಸ್ತಾನದ ಡಾಕ್ಟರೇ ಕೂತಿರುತ್ತಿದ್ದರು. ಅಪ್ಪ ಎಂಬಿಬಿಎಸ್ ಮಾಡಿದ್ದು ಮೈಸೂರಿನಲ್ಲಿ. ಆಸೆಪಟ್ಟ ವಿಭಾಗದಲ್ಲಿ ಆಸ್ಪತ್ರೆ ಕೆಲಸ ಸಿಗಲಿಲ್ಲ. ಸಂದರ್ಶನದಲ್ಲಿ ಹೆಸರು ಕೇಳಿದ ಕೂಡಲೇ ಮುಖ ಬದಲಾಗುತ್ತಿತ್ತು ಅಂತ ಹೇಳೋರು. ಹಾಗಾಗಿ ಕಣಿವೆಯ ಡಾಕ್ಟರ್ ಆದರು. ಗಣಿಗಾರರ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಧೂಳು ಕೇಳಿಸುತ್ತೆ ಅನ್ನೋರು.

ನನ್ನ ನೆನಪು ಹೇಳ್ತೀನಿ. ಗಣಿಯವರಿಗೆ ಸಂಬಳದ ಜೊತೆ ಕಲ್ಲಿದ್ದಲೂ ಸಿಗುತ್ತಿತ್ತು. ಲಾರಿ ಬಂದು ಮನೆ ಮುಂದಿನ ರಸ್ತೆಗೇ ಸುರಿದು ಹೋಗುತ್ತಿತ್ತು. ಮಳೆ ಬರೋದರೊಳಗೆ ಒಳಗೆ ಸಾಗಿಸಬೇಕು. ನಾವು ಮಕ್ಕಳೆಲ್ಲ ಬಕೆಟ್ ಹಿಡಿದು ಓಡುತ್ತಿದ್ದೆವು. ಮುಂಬಾಗಿಲಿಂದ ಹಿತ್ತಿಲಿನ ಕೋಣೆವರೆಗೆ ಹಜಾರದಲ್ಲಿ ಹಳೇ ಪತ್ರಿಕೆ ಹಾಸಿರುತ್ತಿದ್ದರು. ಕೊನೆಗೆ ರಸ್ತೆ ಗುಡಿಸಿ, ನೀರು ಹಾಕಿ ತೊಳೆಯುತ್ತಿದ್ದರು. ಕೂಲಿ ಒಂದೊಂದು ಚೂರು ಟಾಫಿ. ನಮ್ಮ ಅಪ್ಪ ಗಣಿಯವರಲ್ಲ, ನಮಗೆ ಕಲ್ಲಿದ್ದಲು ಬರುತ್ತಿರಲಿಲ್ಲ. ಆದರೆ ಚಳಿಗಾಲದಲ್ಲಿ ಹಿತ್ತಿಲ ಬಾಗಿಲಲ್ಲಿ ಯಾರೋ ಒಂದು ಚೀಲ ಇಟ್ಟು ಹೋಗಿರುತ್ತಿದ್ದರು.

1984ರ ಮಾರ್ಚ್‌ನಿಂದ 85ರ ಮಾರ್ಚ್‌ವರೆಗೆ ಮುಷ್ಕರ. ಒಂದು ವರ್ಷ ಸಂಬಳ ಇಲ್ಲ. ಊರಿನ ಹಾಲ್‌ಗಳಲ್ಲಿ ಹೆಂಗಸರು ಒಟ್ಟಿಗೆ ಅಡುಗೆ ಮಾಡಿದರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಬೇಳೆ ಸಾರು ಮಾಡಿ ಕಳಿಸುತ್ತಿದ್ದರು, ಖಾರ ಕಡಿಮೆ ಹಾಕಿ. ಸೋತ ಮೇಲೆ ಬ್ಯಾಂಡ್ ಬಾರಿಸಿಕೊಂಡು, ಬ್ಯಾನರ್ ಹಿಡಿದು ಗಣಿಗೆ ಮರಳಿದರಲ್ಲ, ಅವತ್ತು ಅಪ್ಪ ಕ್ಲಿನಿಕ್ ನಿಲ್ಲಿಸಿ ಹೊರಗೆ ಬಂದು ರಸ್ತೆ ಬದಿ ನಿಂತಿದ್ದರು.

ಅಬರ್‌ಫ್ಯಾನ್ ನಮಗೆ ದೂರವಲ್ಲ. 1966ರ ಅಕ್ಟೋಬರ್ 21ರಂದು ಗಣಿ ತ್ಯಾಜ್ಯದ ಗುಡ್ಡ ಶಾಲೆಯ ಮೇಲೆ ಕುಸಿಯಿತು. 116 ಮಕ್ಕಳು, 28 ದೊಡ್ಡವರು ಸತ್ತರು. ನಾನು ಹುಟ್ಟಿದ್ದು ಆಮೇಲೆ. ಆದರೂ ನಮ್ಮ ಕ್ಲಾಸಿನ ಕಿಟಕಿಯಿಂದ ಟಿಪ್, ಅಂದ್ರೆ ಅಂಥದೇ ತ್ಯಾಜ್ಯದ ಗುಡ್ಡ, ಕಾಣುತ್ತಿತ್ತು, ಜೋರು ಮಳೆ ಬಂದ ದಿನ ಟೀಚರ್ ಕಿಟಕಿ ಕಡೆ ನೋಡುತ್ತಲೇ ಪಾಠ ಮಾಡುತ್ತಿದ್ದರು. ಅದನ್ನು ಮರೆತು ಚಂದದ ನೆನಪು ಮಾತ್ರ ಬರೆಯೋಕೆ ನನಗೆ ಮನಸ್ಸಾಗಲ್ಲ.

ಬ್ರಾಡ್‌ಫರ್ಡ್ ಸೊಸೆ:

ನಿಮ್ಮ ಮಾತು ಸರಿ ಇರಬಹುದು. ಆದರೂ ಆ ಊರಲ್ಲಿ ಮಕ್ಕಳು ಬದುಕಿ ಉಳಿದರು, ಶುದ್ಧ ನೀರು ಕುಡಿದರು. ಅದು ಸಣ್ಣ ವಿಷಯವಲ್ಲ. ಎರಡನ್ನೂ ಬರೆಯೋಣ.

ಚಾಂಪಿಯನ್ ರೀಫ್ ಮೊಮ್ಮಗ:

ಗಣಿ ಅಂದ ಮೇಲೆ ನಾನು ಬರಲೇಬೇಕು. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದವರು. ನಾನೀಗ ಇರೋದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಕ್ಯಾಮ್‌ಬೋರ್ನ್‌ನಲ್ಲಿ. ಎರಡೂ ಊರು ಒಂದೇ ಹಗ್ಗದ ಎರಡು ತುದಿ.

ಕೋಲಾರದ ಚಿನ್ನದ ಗಣಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್, 1880ರ ಹೊತ್ತಿನಿಂದ. ಅವರು ಮೇಸ್ತ್ರಿಗಳನ್ನು, ಕ್ಯಾಪ್ಟನ್ ಅಂತ ಕರೆಯುವ ಗಣಿ ಮೇಲ್ವಿಚಾರಕರನ್ನು ತರುತ್ತಿದ್ದುದು ಕಾರ್ನ್‌ವಾಲ್‌ನಿಂದ. ಇಲ್ಲಿ ತಾಮ್ರ, ತವರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದವು. ಗಂಡಸರು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕೋಲಾರ ಅಂತ ಹೊರಟರು. ಹೆಂಗಸರು, ಮಕ್ಕಳು ಇಲ್ಲೇ ಉಳಿದು ಅಲ್ಲಿಂದ ಬರುವ ದುಡ್ಡಿಗೆ ಕಾಯುತ್ತಿದ್ದರು. ಕೆಜಿಎಫ್‌ನ ಹಳೇ ಸ್ಮಶಾನದಲ್ಲಿ ಟ್ರೆ, ಪೆನ್ ಅಂತ ಶುರುವಾಗುವ ಅಡ್ಡಹೆಸರುಗಳನ್ನು ಚಿಕ್ಕಂದಿನಲ್ಲಿ ಓದಿದ್ದೆ. ಇಲ್ಲಿಗೆ ಬಂದ ಮೇಲೆ ಅದೇ ಹೆಸರುಗಳು ಪ್ಲಂಬರ್ ವ್ಯಾನಿನ ಮೇಲೆ, ಬೇಕರಿ ಬೋರ್ಡಿನ ಮೇಲೆ ಕಾಣಿಸಿದವು.

ಇಲ್ಲಿ ಗುಡ್ಡಗಳ ಮೇಲೆ ಛಾವಣಿ ಇಲ್ಲದ ಕಲ್ಲಿನ ಎಂಜಿನ್ ಮನೆಗಳು ನಿಂತಿವೆ. ಗಣಿಯ ನೀರು ಎತ್ತುತ್ತಿದ್ದ ಉಗಿ ಪಂಪುಗಳ ಮನೆ. 2006ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಏಪ್ರಿಲ್ ಕೊನೆಯ ಶನಿವಾರ ಟ್ರೆವಿಥಿಕ್ ದಿನ. ರಿಚರ್ಡ್ ಟ್ರೆವಿಥಿಕ್ 1801ರ ಕ್ರಿಸ್ಮಸ್ ಹಿಂದಿನ ದಿನ ಜನರನ್ನು ಕೂರಿಸಿಕೊಂಡು ಉಗಿ ಬಂಡಿಯನ್ನು ಇದೇ ಊರಿನ ದಿಣ್ಣೆ ಹತ್ತಿಸಿದ. ಈಗ ಆ ದಿನ ಉಗಿ ಎಂಜಿನ್‌ಗಳು ಬೀದಿಯಲ್ಲಿ ಸಾಲಾಗಿ ಬರುತ್ತವೆ. ಪುಟ್ಟ ಮಕ್ಕಳು ಕುಣಿಯುತ್ತಾರೆ. ನನ್ನ ಮಗಳೂ ಕುಣಿದಳು.

ಇಲ್ಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಕೆಜಿಎಫ್ 2001ರಲ್ಲಿ. ಇಲ್ಲಿನ ಕ್ಲಬ್ಬಿನಲ್ಲಿ ಹಳೇ ಗಣಿಗಾರರೊಬ್ಬರು ಸಿಗ್ತಾರೆ. ನಾನು ಕೋಲಾರ ಅಂದಾಗ ಅವರು ಮ್ಯಾಪ್ ಕೇಳಲಿಲ್ಲ. ಅವರ ಅಜ್ಜಿ ಮನೆಯಲ್ಲಿ ಆ ಹೆಸರು ದಿನಾ ಕೇಳಿಬರುತ್ತಿತ್ತಂತೆ. ಆಳ ಎಷ್ಟಿತ್ತು, ಕೆಳಗೆ ಕಾವು ಹೇಗಿತ್ತು ಅಂತ ವಿಚಾರಿಸಿದರು. ಮೂರು ಕಿಲೋಮೀಟರಿಗೂ ಜಾಸ್ತಿ ಅಂದೆ. ತಲೆ ಅಲ್ಲಾಡಿಸಿ, ತಾತ ಎಷ್ಟು ವರ್ಷ ಬದುಕಿದರು ಅಂತ ಕೇಳಿದರು. ಗಣಿಯವರು ಮೊದಲು ಕೇಳೋದು ಅದನ್ನೇ.

ಪ್ರೆಸ್ಟನ್‌ಗೆ ಹೊಸಬಳು:

ನಾನು ನರ್ಸ್. ಪ್ರೆಸ್ಟನ್‌ಗೆ ಬಂದು ಜಾಸ್ತಿ ದಿನ ಆಗಿಲ್ಲ. ವಾರ್ಡಿನಲ್ಲಿ ತೊಂಬತ್ತರ ಅಜ್ಜಿಯೊಬ್ಬರು ಮಾತಾಡುವಾಗ ದನಿ ತೆಗೆಯದೆ ಬಾಯಿ ಮಾತ್ರ ದೊಡ್ಡದಾಗಿ ಆಡಿಸುತ್ತಾರೆ. ಕಿವಿ ಕೇಳಲ್ಲ. ಆದರೆ ನನ್ನ ತುಟಿ ನೋಡಿಯೇ ಎಲ್ಲ ಅರ್ಥ ಮಾಡಿಕೊಳ್ಳುತ್ತಾರೆ. ಮಿಲ್ಲಿನಲ್ಲಿದ್ದೆ ಅಂದರು. ಇದಕ್ಕೂ ಮಿಲ್ಲಿಗೂ ಸಂಬಂಧ ಇದೆಯಾ? ಗೊತ್ತಿದ್ದವರು ಹೇಳಿ.

ಡಾರ್ವೆನ್ ಹುಡುಗಿ:

ಖಂಡಿತ ಇದೆ. ಒಂದು ಶೆಡ್ಡಿನಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೆ ಪಕ್ಕದವರ ಕೂಗೂ ಕೇಳಲ್ಲ. ನೇಕಾರ್ತಿಯರು ತುಟಿ ಮತ್ತು ಕೈಯಲ್ಲೇ ಮಾತಾಡುತ್ತಿದ್ದರು. ಇದನ್ನು ಮೀ-ಮಾ ಅಂತಿದ್ದರು. ಬಸ್ಸಿನಲ್ಲಿ ಆ ತುದಿಯವರ ಗುಟ್ಟು ಈ ತುದಿಯಿಂದಲೇ ಓದಿಬಿಡುತ್ತಿದ್ದರು. ಹೆಂಗಸರ ಕಾಯಿಲೆ, ಬಸಿರು ಬಾಣಂತನದ ಮಾತು ಬಂದರೆ ರಸ್ತೆಯಲ್ಲೂ ದನಿ ನಿಲ್ಲಿಸಿ ತುಟಿಗೆ ಇಳಿಯುತ್ತಿದ್ದರು. ಮಕ್ಕಳಿಗೆ ಕೇಳಬಾರದಲ್ಲ. ನಮ್ಮ ಪಕ್ಕದ ಮನೆ ಅಜ್ಜಿಯೂ ನಲವತ್ತಕ್ಕೇ ಕಿವಿ ಕಳೆದುಕೊಂಡರು. ಲಾಳಿಯ ಕಣ್ಣಿನಿಂದ ದಾರವನ್ನು ಬಾಯಲ್ಲಿ ಎಳೆದೂ ಎಳೆದೂ ಮುಂದಿನ ಹಲ್ಲು ಹೋಗಿದ್ದವು.

ಆ ಸದ್ದು ಹೇಗಿತ್ತು ಅಂತ ತಿಳೀಬೇಕಾದರೆ ಬರ್ನ್‌ಲಿ ಪಕ್ಕ ಹಾರ್ಲ್ ಸೈಕ್‌ನ ಕ್ವೀನ್ ಸ್ಟ್ರೀಟ್ ಮಿಲ್‌ಗೆ ಹೋಗಿ. ಉಗಿಯಿಂದ ನಡೆದ ಕೊನೆಯ ನೇಯ್ಗೆ ಮಿಲ್ ಅದು. 1982ರಲ್ಲಿ ಮುಚ್ಚಿತು, ಈಗ ಮ್ಯೂಸಿಯಂ. 500 ಅಶ್ವಶಕ್ತಿಯ ಎಂಜಿನ್ನಿಗೆ ಮೊದಲ ಮಹಾಯುದ್ಧದ ನಂತರ ಪೀಸ್, ಅಂದ್ರೆ ಶಾಂತಿ ಅಂತ ಹೆಸರಿಟ್ಟರು. ಕೆಲವು ಮಗ್ಗ ಮಾತ್ರ ಓಡಿಸಿ ತೋರಿಸುತ್ತಾರೆ. ಅಷ್ಟಕ್ಕೇ ಎದೆ ನಡುಗುತ್ತೆ. ವರ್ಷಪೂರ್ತಿ ತೆರೆದಿರಲ್ಲ, ವಿಚಾರಿಸಿ ಹೋಗಿ.

ಮತ್ತೆ ಆ ಅಜ್ಜಿಯ ಹತ್ತಿರ ದಯವಿಟ್ಟು ಯಾವ ಮಿಲ್, ಎಷ್ಟು ಮಗ್ಗ, ಜೊತೆಗೆ ಯಾರಿದ್ದರು ಅಂತ ಕೇಳಿ ಬರೆದುಕೊಳ್ಳಿ. ಅವರ ಒಪ್ಪಿಗೆ ತಗೊಂಡೇ.

ರಾತ್ರಿ ಪಾಳಿ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಹೇಳಬೇಕು ಅನ್ನಿಸಿತು. ನಾನು ಬ್ಲ್ಯಾಕ್‌ಬರ್ನ್‌ನಲ್ಲಿ ಬೆಳೆದವನು. ಅಪ್ಪ ಬೊಂಬಾಯಿಯ ಗಿರಣಿಯಿಂದ ಇಲ್ಲಿನ ಮಿಲ್ಲಿಗೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಪಂಜಾಬಿ.

ನೀವು ಬರೆದ ಮೆಟ್ಟಿಲು, ಬ್ಲ್ಯಾಕ್‌ಪೂಲ್, ಮೀ-ಮಾ ಎಲ್ಲ ನಿಜ. ಆದರೆ 1960ರ ನಂತರ ಈ ಮಿಲ್ಲುಗಳು ಉಸಿರಾಡಿದ್ದು ಯಾರಿಂದ? ಹೊಸ ಯಂತ್ರ ದುಬಾರಿ. ಹಾಕಿದ ದುಡ್ಡು ಹುಟ್ಟಬೇಕಾದರೆ 24 ಗಂಟೆ ಓಡಬೇಕು. ಹೆಂಗಸರು ರಾತ್ರಿ ಕೆಲಸ ಮಾಡೋಕೆ ಕಾನೂನು ಬಿಡುತ್ತಿರಲಿಲ್ಲ. ಇಲ್ಲಿನ ಗಂಡಸರು ಬೇರೆ ಕಡೆ ಒಳ್ಳೆ ಸಂಬಳ ನೋಡಿಕೊಂಡು ಹೋಗಿದ್ದರು. ಆಗ ಮೀರ್‌ಪುರ, ಭರೂಚ್, ಸೂರತ್ ಕಡೆಯ ಗಂಡಸರು ಬಂದು ರಾತ್ರಿ ಪಾಳಿ ತುಂಬಿದರು. ಅದೇ ಸೂರತ್ ನೋಡಿ. ಹತ್ತಿ ಬೇಡ ಅಂದಿದ್ದ ಊರಿಗೆ ನೂರು ವರ್ಷದ ಮೇಲೆ ಮನುಷ್ಯರು ಬೇಕಾದರು.

ನಾನು ಶಾಲೆಗೆ ಹೊರಡುವಾಗ ಅಪ್ಪ ಬರುತ್ತಿದ್ದರು. ಕಿವಿಯಲ್ಲಿ ಹತ್ತಿ, ಹುಬ್ಬಿನ ಮೇಲೆ ಹತ್ತಿ. ಟಿಫಿನ್ ಡಬ್ಬಿ ಕೊಟ್ಟು, ಪರದೆ ಎಳೆದು ಮಲಗುತ್ತಿದ್ದರು. ಮನೆಯಲ್ಲಿ ಹಗಲು ಪಿಸುಮಾತು. ಜೋರಾಗಿ ಆಡಿದ ನೆನಪೇ ಇಲ್ಲ ನನಗೆ. ವೇಕ್ಸ್ ವಾರದಲ್ಲಿ ನಮ್ಮವರಿಗೂ ರಜೆ. ನಾವು ಬ್ಲ್ಯಾಕ್‌ಪೂಲ್‌ಗೆ ಹೋಗುತ್ತಿರಲಿಲ್ಲ. ಬೀದಿಯ ಗುಜರಾತಿಗಳ ಮದುವೆಗಳೆಲ್ಲ ಅದೇ ವಾರ, ಎಲ್ಲರಿಗೂ ಒಟ್ಟಿಗೆ ರಜೆ ಸಿಗೋದು ಆಗ ಮಾತ್ರ ಅಂತ. ಕೋಚ್ ಮಾಡಿಕೊಂಡು ಲೆಸ್ಟರ್‌ಗೆ ಹೋಗುತ್ತಿದ್ದೆವು.

1976ರಲ್ಲಿ ಬ್ಲ್ಯಾಕ್‌ಬರ್ನ್ ನಗರಸಭೆಗೆ ನ್ಯಾಷನಲ್ ಪಾರ್ಟಿಯ ಇಬ್ಬರು ಗೆದ್ದು ಬಂದರು. ನಮ್ಮನ್ನೆಲ್ಲ ವಾಪಸ್ ಕಳಿಸಬೇಕು ಅನ್ನೋ ಪಕ್ಷ. ಆ ಬೇಸಿಗೆ ಬಿಸಿಲಿಗೆ, ಬರಕ್ಕೆ ಹೆಸರಾದದ್ದು. ಎಲ್ಲರೂ ನಲ್ಲಿಯ ಕಥೆ ಹೇಳ್ತಾರೆ. ನನಗೆ ನೆನಪಿರೋದು ಬಿಸಿಲಿದ್ದರೂ ಅಮ್ಮ ಕಿಟಕಿ ತೆರೆಯದೇ ಇದ್ದದ್ದು. ಊರಿನ ಹಳೇ ಫೋಟೋಗಳ ಪುಸ್ತಕಗಳಲ್ಲಿ ಅಪ್ಪನಂಥವರ ಒಂದು ಚಿತ್ರವೂ ಇಲ್ಲ. ರಾತ್ರಿ ಯಾರೂ ಫೋಟೋ ತೆಗೆಯಲು ಬರಲಿಲ್ಲ.

ಡಾರ್ವೆನ್ ಹುಡುಗಿ:

ನೀವು ಬರೆದದ್ದು ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ಈ ಚರ್ಚೆ ಶುರು ಮಾಡಿದ್ದಕ್ಕೆ ಸಾರ್ಥಕ ಆಯ್ತು. ಡಾಕ್ಟರ್ ಮಕ್ಕಳಾದ ನಮಗೆ ಊರಿನ ಬಾಗಿಲು ಬೇಗ ತೆರೆಯಿತು. ನಿಮಗೆ ತೆರೆಯಲಿಲ್ಲ. ನೀವು ಇದನ್ನು ಇಂಗ್ಲಿಷಿನಲ್ಲೂ ಬರೆದು ಬ್ಲ್ಯಾಕ್‌ಬರ್ನ್ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗಕ್ಕೆ ಕೊಡಬೇಕು ಅಂತ ನನ್ನ ಆಸೆ.

ಫೋಟೋ ಅಂದಿರಲ್ಲ, ನಮ್ಮೂರಿನದೊಂದು ಫೋಟೋ ನೀವೆಲ್ಲ ನೋಡಿರುತ್ತೀರಿ. 1931ರ ಸೆಪ್ಟೆಂಬರ್. ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ಡಾರ್ವೆನ್‌ಗೂ ಬಂದಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಇಲ್ಲಿನವರ ಕೆಲಸ ಹೋಗಿದೆ, ಬಂದು ನೋಡಿ ಅಂತ ಕರೆದಿದ್ದರು. ಕರೆದವರು ಮಿಲ್ ನಡೆಸುತ್ತಿದ್ದ ಡೇವಿಸ್ ಮನೆತನದವರು. ಗಾಂಧೀಜಿ ಸ್ಪ್ರಿಂಗ್‌ವೇಲ್ ಹಳ್ಳಿಯಲ್ಲಿ ಉಳಿದರು. ಗ್ರೀನ್‌ಫೀಲ್ಡ್ ಮಿಲ್ ಮುಂದೆ ತೆಗೆದ ಚಿತ್ರದಲ್ಲಿ ಅವರ ಸುತ್ತ ಮಿಲ್ಲಿನ ಹೆಂಗಸರು ಕೈ ಎತ್ತಿ ಜಯಕಾರ ಹಾಕುತ್ತಿದ್ದಾರೆ. ಇಲ್ಲಿನ ಕಷ್ಟ ಕಂಡು ಅವರಿಗೆ ನೋವಾಯಿತು, ಆದರೆ ನಮ್ಮ ಹಳ್ಳಿಯ ಬಡತನದ ಮುಂದೆ ಇದು ಕಡಿಮೆ ಅಂತ ನೇರವಾಗಿ ಹೇಳಿಯೂ ಹೇಳಿದರು. ಬಹಿಷ್ಕಾರ ಬಿಡುತ್ತೇನೆ ಅನ್ನಲಿಲ್ಲ. ಆದರೂ ಜನ ಅವರನ್ನು ದ್ವೇಷಿಸಲಿಲ್ಲ. ಕೆಲಸ ಕಳೆದುಕೊಂಡ ಹೆಂಗಸರು ಹಾಗೆ ನಗುತ್ತಾ ನಿಂತಿದ್ದಾರಲ್ಲ, ಅದು ನನಗೆ ಇವತ್ತಿಗೂ ದೊಡ್ಡ ವಿಷಯ. ನಮ್ಮ ಪಕ್ಕದ ಮನೆ ಅಜ್ಜಿ ಆಗ ಹದಿಹರೆಯದವರು. ಸಣ್ಣ ಮನುಷ್ಯ, ಬರಿಗಾಲಲ್ಲಿ ಚಪ್ಪಲಿ, ಚಳಿ ಆಗಲ್ವಾ ಅಂತ ಅಮ್ಮಂದಿರು ಚಿಂತೆ ಮಾಡಿದರು ಅಂತ ಹೇಳೋರು.

ಗದಗಿನವ:

ರಾತ್ರಿ ಪಾಳಿಯವರೇ, ನಿಮ್ಮ ಅಪ್ಪ ಬೊಂಬಾಯಿಗೆ ಹೋದದ್ದು ಯಾವ ಊರಿಂದ?

ರಾತ್ರಿ ಪಾಳಿ:

ರೋಣದ ಕಡೆಯಿಂದ. ಮನೆಯಲ್ಲಿ ಹತ್ತಿ ಹೊಲ ಇತ್ತಂತೆ, ಸಾಲಕ್ಕೆ ಹೋಯಿತಂತೆ. ನೀವು ಮೇಲೆ ರೋಣದ ಹತ್ತಿ ಅಂತ ಬರೆದಾಗಲೇ ಹೇಳಬೇಕು ಅಂದುಕೊಂಡೆ.

ಪ್ರೆಸ್ಟನ್‌ಗೆ ಹೊಸಬಳು:

ಅಜ್ಜಿಯನ್ನು ಕೇಳಿದೆ. ಒಪ್ಪಿದರು. ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದರಂತೆ. ಬೀದಿ ಹೆಸರು ಹೇಳಿದರು, ಆದರೆ ಈಗಿನ ಮ್ಯಾಪಿನಲ್ಲಿ ಆ ಬೀದಿಯೇ ಇಲ್ಲ. ಹುಡುಕೋದು ಹೇಗೆ?

ಚಾಂಪಿಯನ್ ರೀಫ್ ಮೊಮ್ಮಗ:

ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೇ ಆರ್ಡ್ನೆನ್ಸ್ ಸರ್ವೆ ನಕ್ಷೆಗಳೂ ಇವೆ, ಉಚಿತ. ಹಳೇ ನಕ್ಷೆ ಒಂದು ಕಡೆ, ಇವತ್ತಿನ ಚಿತ್ರ ಇನ್ನೊಂದು ಕಡೆ ಇಟ್ಟು ನೋಡಬಹುದು. ಮಿಲ್ಲು, ಚಿಮಣಿ, ಬಾವಿ ಕೂಡ ಗುರುತು ಹಾಕಿದ್ದಾರೆ. ಮನೆಯಲ್ಲಿ ಯಾರಿದ್ದರು ಅಂತ ಬೇಕಾದರೆ 1921ರ ಜನಗಣತಿ 2022ರಲ್ಲಿ ತೆರೆದಿದೆ. ಅಜ್ಜಿಯ ಅಪ್ಪ ಅಮ್ಮ ಅದರಲ್ಲಿ ಸಿಗಬಹುದು. ನೂರು ವರ್ಷ ಆಗದೆ ಬಿಡಲ್ಲ, 1931ರದು ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧ ಅಂತ ಗಣತಿಯೇ ಆಗಲಿಲ್ಲ. ಹಾಗಾಗಿ ನಡುವಿನ ಕಾಲಕ್ಕೆ ಇಂಥ ಅಜ್ಜಿಯರ ಮಾತು ಬಹಳ ಮುಖ್ಯ.

ಡಾರ್ವೆನ್ ಹುಡುಗಿ:

ಬೀದಿ ಹೆಸರು ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಪ್ರೆಸ್ಟನ್ ಹಳೇ ನಕ್ಷೆ ನನ್ನ ಹತ್ತಿರ ಇದೆ, ಹುಡುಕಿ ಕೊಡ್ತೀನಿ. ರಾತ್ರಿ ಪಾಳಿಯವರೇ, ನಿಮ್ಮ ಅಪ್ಪನ ಮಿಲ್ ಯಾವುದು, ಪಾಳಿ ಎಷ್ಟರಿಂದ ಎಷ್ಟು, ಇಷ್ಟು ಮೊದಲು ಬರೆಯಿರಿ. ಓಲ್ಡಮ್, ಬರ್ನ್‌ಲಿ, ಬೋಲ್ಟನ್‌ನವರು ಯಾರಾದರೂ ಇದ್ದರೆ ನಿಮ್ಮೂರ ವೇಕ್ಸ್ ಯಾವ ತಿಂಗಳು ಬರುತ್ತಿತ್ತು, ಆ ವಾರ ನಿಮ್ಮ ಮನೆಯವರು ಎಲ್ಲಿಗೆ ಹೋಗುತ್ತಿದ್ದರು, ಹೇಳಿ.